ಪ್ರಯೋಗಾಲಯ ಇಲ್ಲದೆಯೂ ವಿಜ್ಞಾನ

ಮಾನ್ಯರೇ,

ಹೆಸರಘಟ್ಟ ಬಳಿಯ ಶಿವಕೋಟೆಯಲ್ಲಿರುವ ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರದಲ್ಲಿ ಕರಿಹಲಗೆ, ಕಂಪ್ಯೂಟರ್ ಬಿಟ್ಟರೆ ಇನ್ನೇನಿದೆ ಎಂದು ಕೇಳುವವರಿದ್ದಾರೆ. ಅಮೆರಿಕದ ಲೈಗೊ ಪತ್ತೆಯಂತ್ರ 2015ರ ಸೆಪ್ಟೆಂಬರ್ 14ರಂದು ಹಿಡಿದ ಗುರುತ್ವ ಅಲೆಯನ್ನೇ (ಎರಡು ಕಪ್ಪುಕುಳಿಗಳು ಒಂದಾದಾಗ ದೇಶಕಾಲದಲ್ಲಿ ಎದ್ದ ಕಂಪನ) ನೋಡಿ. ಲೈಗೊದ 4 ಕಿ.ಮೀ. ಉದ್ದದ ತೋಳು (ಲೇಸರ್ ಕಿರಣ ಓಡಾಡುವ ಕೊಳವೆ) ಅಲುಗಿದ್ದು ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತ ಕಡಿಮೆ. ಅದೂ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು!

ಇನ್ನೂ ದುರ್ಬಲ ಅಲೆಗಳನ್ನು ಯಂತ್ರ ದಾಖಲಿಸುವ ಗದ್ದಲದಿಂದ ಹೆಕ್ಕಲು, ಬೇರೆಬೇರೆ ತೂಕದ ಕಪ್ಪುಕುಳಿ ಜೋಡಿಗಳ ಅಲೆ ಹೇಗಿರುತ್ತದೆಂದು ಐನ್‌ಸ್ಟೈನ್ ಸಮೀಕರಣಗಳಿಂದ ಮೊದಲೇ ಲೆಕ್ಕ ಹಾಕಿಟ್ಟಿರಬೇಕು. ಲೆಕ್ಕ ತುಸು ತಪ್ಪಿದರೂ ಲೆಕ್ಕದ ಅಲೆಗೂ ಬಂದ ಅಲೆಗೂ ಏರಿಳಿತಗಳ ಹೊಂದಿಕೆ ಜಾರಿ, ಸಂಕೇತ ಗದ್ದಲದಲ್ಲೇ ಮುಳುಗುತ್ತದೆ. ಆ ಮೊದಲ ಅಲೆ ಐನ್‌ಸ್ಟೈನ್ ಹೇಳಿದಂತೆಯೇ ಇದೆಯೇ ಎಂದು ಒರೆಗೆ ಹಚ್ಚಿದವರಲ್ಲಿ ಶಿವಕೋಟೆಯವರೂ ಇದ್ದರು. ಇದನ್ನು ಪಿಯು ಉಪನ್ಯಾಸಕರಿಗೆ ಕನ್ನಡದಲ್ಲೇ ವಿವರಿಸುವ ಕಾರ್ಯಾಗಾರಗಳು ಹೆಚ್ಚಲಿ.

– ಭೌತವಿಜ್ಞಾನ ಉಪನ್ಯಾಸಕರು, ಬೆಂಗಳೂರು