ಸೆನೆಟರ್ ಬೆಂಟನ್ ಕುರಿತು ಬರೆಯುತ್ತಿರುವ ಯುವ ಮಿತ್ರರಿಗೆ

ಪ್ರಿಯ ಮಿತ್ರರೇ,

ಅಮೆರಿಕದ ಮಿಸೌರಿ ರಾಜ್ಯದ ಸೆನೆಟರ್ (ಸಂಸತ್ತಿನ ಮೇಲ್ಮನೆ ಸದಸ್ಯ) ಥಾಮಸ್ ಹಾರ್ಟ್ ಬೆಂಟನ್ ಅವರನ್ನು ಕುರಿತ ನಿಮ್ಮ ಹಸ್ತಪ್ರತಿಯನ್ನು ಗಮನವಿಟ್ಟು ಓದಿದೆ. ಶ್ರಮಪಟ್ಟು ಬರೆದಿದ್ದೀರಿ. ಆದರೆ 1813ರಲ್ಲಿ ನ್ಯಾಶ್‌ವಿಲ್‌ನಲ್ಲಿ ಆಂಡ್ರ್ಯೂ ಜಾಕ್ಸನ್ ಜೊತೆ ನಡೆದ ಹೊಡೆದಾಟಕ್ಕೂ 1817ರಲ್ಲಿ ಚಾರ್ಲ್ಸ್ ಲ್ಯೂಕಸ್‌ರನ್ನು ಕೊಂದ ದ್ವಂದ್ವಯುದ್ಧಕ್ಕೂ ಅರ್ಧ ಲೇಖನವೇ ಹೋಗಿದೆ. ಅವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿ, 1821ರಿಂದ 1851ರವರೆಗಿನ ಮೂವತ್ತು ವರ್ಷ ಅವರು ಸೆನೆಟಿನಲ್ಲಿ ಯಾವುದರ ಪರ ನಿಂತರು, ಯಾವುದನ್ನು ವಿರೋಧಿಸಿದರು ಎಂಬುದಕ್ಕೆ ಬನ್ನಿ.

ಅವರ ರಾಜಕಾರಣದ ಬೇರು ಇದ್ದದ್ದು ಜಮೀನಿನಲ್ಲಿ. ಸರ್ಕಾರಿ ಜಮೀನಿಗೆ ಎಕರೆಗೆ ಕನಿಷ್ಠ ಒಂದೂಕಾಲು ಡಾಲರ್ ಬೆಲೆಯಿದ್ದ ಕಾಲದಲ್ಲಿ, ಮಾರಾಟವಾಗದೆ ಉಳಿದ ಜಮೀನಿನ ಬೆಲೆಯನ್ನು ವರ್ಷ ಕಳೆದಂತೆ ಇಳಿಸಬೇಕೆಂದು ಅವರು 1820ರ ದಶಕದಿಂದಲೇ ಪಟ್ಟುಹಿಡಿದರು. ಅದು ಕಾಯಿದೆಯಾದದ್ದು 1854ರಲ್ಲಿ. ಆ ನೆಲವನ್ನು ನೀವು ‘ಖಾಲಿ ಬಯಲು’ ಎಂದಿದ್ದೀರಿ. ದಯವಿಟ್ಟು ಆ ಮಾತನ್ನು ತೆಗೆದುಹಾಕಿ. ಅಲ್ಲಿ ಮೂಲನಿವಾಸಿಗಳಿದ್ದರು, ಅವರನ್ನು ತೆರವುಗೊಳಿಸಿದ 1830ರ ಕಾಯಿದೆಗೆ ಬೆಂಟನ್ ಅವರ ಬೆಂಬಲವಿತ್ತು. ಬಡ ರೈತನ ಪರವಾಗಿ ನಿಂತವರೂ ಮೂಲನಿವಾಸಿಯನ್ನು ಎಬ್ಬಿಸಿದವರೂ ಒಬ್ಬರೇ ಎಂಬುದು ಒಂದೇ ಪ್ಯಾರಾದಲ್ಲಿ ಬರಲಿ.

ನೀವು ಕೈಬಿಟ್ಟಿರುವ ಒಂದು ಪ್ರಸಂಗವಿದೆ. ಸರ್ಕಾರದ ಹಣವನ್ನು ರಾಷ್ಟ್ರೀಯ ಬ್ಯಾಂಕಿನಿಂದ ತೆಗೆಸಿದ ವಿವಾದದಲ್ಲಿ, ಆಗ ಅಧ್ಯಕ್ಷರಾಗಿದ್ದ ಜಾಕ್ಸನ್ ವಿರುದ್ಧ 1834ರಲ್ಲಿ ಸೆನೆಟ್ ಖಂಡನಾ ನಿರ್ಣಯ ಮಾಡಿತು. ಹಳೆಯ ಜಗಳ ಮರೆತು ಜಾಕ್ಸನ್ ಬೆಂಬಲಿಗರಾಗಿದ್ದ ಬೆಂಟನ್, ಅದನ್ನು ಕಡತದಿಂದಲೇ ತೆಗೆಸಲು ವರ್ಷಗಟ್ಟಲೆ ಹೋರಾಡಿದರು. 1837ರ ಜನವರಿ 16ರಂದು, ರಾತ್ರಿಯವರೆಗೂ ಎಳೆದ ಅಧಿವೇಶನದಲ್ಲಿ, ತಮ್ಮ ಪಕ್ಷದವರು ಹಸಿವೆಂದು ಎದ್ದುಹೋಗದಿರಲೆಂದು ಸಮಿತಿ ಕೊಠಡಿಯಲ್ಲಿ ಊಟದ ಏರ್ಪಾಡನ್ನೂ ಮಾಡಿಸಿ, ಪರ 24, ವಿರುದ್ಧ 19 ಮತಗಳಿಂದ ಗೆದ್ದರು. ಕಾರ್ಯದರ್ಶಿ 1834ರ ನಡಾವಳಿ ಪುಸ್ತಕ ತರಿಸಿ, ಆ ನಿರ್ಣಯದ ಸುತ್ತ ದಪ್ಪ ಕಪ್ಪು ಗೆರೆಗಳನ್ನು ಎಳೆದು, ಸೆನೆಟಿನ ಆಜ್ಞೆಯಂತೆ ಇದನ್ನು ತೆಗೆದುಹಾಕಲಾಗಿದೆ ಎಂದು ಅಡ್ಡಲಾಗಿ ಬರೆದರು. ಇದನ್ನು ವಿವರವಾಗಿ ಬರೆಯಿರಿ. ನಿಷ್ಠೆ, ಹಟ, ಸದನದ ಲೆಕ್ಕಾಚಾರ ಮೂರೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಬರೆದಿಟ್ಟ ಮಾತಿಗೆ ಇಷ್ಟು ಬೆಲೆ ಕೊಟ್ಟವರು ಇಳಿವಯಸ್ಸಿನಲ್ಲಿ ತಮ್ಮ ಸೆನೆಟ್ ವರ್ಷಗಳನ್ನು ಎರಡು ದೊಡ್ಡ ಸಂಪುಟಗಳಲ್ಲಿ ತಾವೇ ಬರೆದರು. ಅದೊಂದನ್ನೇ ನಂಬಬೇಡಿ, ವಕೀಲರಾಗಿದ್ದವರು ತಮ್ಮ ಪರವಾಗಿಯೇ ಮಂಡಿಸಿದ ವಾದವದು. ಸದನದ ಚರ್ಚೆಗಳ ವರದಿಯ ಜೊತೆಗಿಟ್ಟು ಓದಿ.

ನನ್ನ ಮುಖ್ಯ ಆಕ್ಷೇಪ ನಿಮ್ಮ ಕೊನೆಯ ಭಾಗಕ್ಕೆ. ಆತ್ಮಸಾಕ್ಷಿಗೆ ಓಗೊಟ್ಟು ಗುಲಾಮಗಿರಿಯ ವಿರುದ್ಧ ಸಿಡಿದೆದ್ದ ವೀರ ಎಂದು ಬರೆದಿದ್ದೀರಿ. ಬೆಂಟನ್ ಸ್ವತಃ ಗುಲಾಮರ ಒಡೆಯರಾಗಿದ್ದರು. ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡಬಾರದು, ಅದಕ್ಕಾಗಿ ಅಮೆರಿಕದ ರಾಜ್ಯಗಳ ಒಕ್ಕೂಟ ಒಡೆಯಬಾರದು ಎಂಬಷ್ಟೇ ಅವರ ನಿಲುವು. ಆದರೆ ಅಷ್ಟಕ್ಕೇ ಅವರು ತೆತ್ತ ಬೆಲೆ ದೊಡ್ಡದು. 1849ರಲ್ಲಿ ಮಿಸೌರಿ ಶಾಸನಸಭೆ ತದ್ವಿರುದ್ಧ ನಿರ್ದೇಶನ ಕೊಟ್ಟಾಗ ಅದನ್ನು ಧಿಕ್ಕರಿಸಿ, ರಾಜ್ಯವೆಲ್ಲ ಸುತ್ತಿ ನೇರವಾಗಿ ಜನರ ಮುಂದೆ ವಾದಿಸಿದರು. ಆಗ ಸೆನೆಟರನ್ನು ಆರಿಸುತ್ತಿದ್ದದ್ದು ಜನರಲ್ಲ, ಶಾಸನಸಭೆ ಎಂಬುದನ್ನು ನಿಮ್ಮ ಓದುಗರಿಗೆ ಹೇಳಲೇಬೇಕು. ನೇರ ಚುನಾವಣೆ ಬಂದದ್ದು 1913ರಲ್ಲಿ. ಅವರದೇ ಡೆಮಾಕ್ರಟಿಕ್ ಪಕ್ಷ ಇಬ್ಭಾಗವಾಗಿ, 1851ರಲ್ಲಿ ಶಾಸನಸಭೆ ಹಲವು ಸುತ್ತಿನ ಮತದಾನದ ನಂತರ ಎದುರಾಳಿ ವಿಗ್ ಪಕ್ಷದ ಹೆನ್ರಿ ಗೇಯರ್‌ರನ್ನು ಆರಿಸಿತು.

1856ನ್ನೂ ಬಿಡಬೇಡಿ. ಗುಲಾಮಗಿರಿ ವಿಸ್ತರಣೆಯನ್ನು ವಿರೋಧಿಸುತ್ತಿದ್ದ ರಿಪಬ್ಲಿಕನ್ ಪಕ್ಷದಿಂದ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಫ್ರೀಮಾಂಟ್, ಬೆಂಟನ್ ಅವರ ಅಳಿಯನೇ; ಆದರೂ ಬೆಂಟನ್ ಬೆಂಬಲಿಸಿದ್ದು ಎದುರಾಳಿ, ಡೆಮಾಕ್ರಟಿಕ್ ಪಕ್ಷದ ಬುಕಾನನ್‌ರನ್ನು. ಇದು ನಿಮ್ಮ ವೀರಗಾಥೆಗೆ ಹೊಂದುವುದಿಲ್ಲ, ಆದರೆ ಒಕ್ಕೂಟದ ಬಗ್ಗೆ ಅವರು ಮೊದಲಿನಿಂದ ಹೇಳುತ್ತಿದ್ದುದಕ್ಕೆ ಪೂರ್ಣವಾಗಿ ಹೊಂದುತ್ತದೆ. ಈ ಭಾಗವನ್ನು 1849ರಿಂದ ಆರಂಭಿಸಿ ಮತ್ತೆ ಬರೆದು ಕಳುಹಿಸಿ; ಓದಲು ಕಾದಿರುತ್ತೇನೆ.

ಇತಿ,
ನಿಮ್ಮ ಹಿತೈಷಿ