ಯಾರೂ ಬರಿಗೈಲಿ ಕೂರಬಾರದು

ಮಾನ್ಯ ಸಂಪಾದಕರೇ,

ವರ್ಷದ ಕೊನೆಯ ರಜೆ ಹತ್ತಿರ ಬಂದಾಗ ನಮ್ಮ ಕಚೇರಿಯಲ್ಲಿ ಚೀಟಿ ಎತ್ತಿ, ಅದರಲ್ಲಿ ಹೆಸರು ಬಂದವರಿಗೆ ಗುಟ್ಟಾಗಿ ಉಡುಗೊರೆ ಕೊಡುತ್ತೇವೆ. ‘ಸೀಕ್ರೆಟ್ ಸಾಂಟಾ’ ಅಂತಾರಲ್ಲ, ಅದೇ. ಆರು ವರ್ಷದಿಂದ ಅದರ ಜವಾಬ್ದಾರಿ ನನ್ನದು.

ಮೊದಲ ವರ್ಷ 12 ಹೆಸರು ಬರೆದು ಡಬ್ಬಿಗೆ ಹಾಕಿದೆ. ಇಬ್ಬರಿಗೆ ತಮ್ಮದೇ ಹೆಸರು ಬಂತು. ಮತ್ತೆ ಎತ್ತಿಸಿದರೂ ಅದೇ ಕಥೆ. ಆಮೇಲೆ ತಿಳಿಯಿತು, ಇದು ಲೆಕ್ಕದ ವಿಷಯ. ಯಾರಿಗೂ ತಮ್ಮ ಹೆಸರು ಬಾರದಿರುವ ಸಾಧ್ಯತೆ ಸುಮಾರು ಶೇ 37 ಮಾತ್ರ. ಜನ ಜಾಸ್ತಿಯಾದರೂ ಅಷ್ಟೇ. ಈಗ ಚೀಟಿಗಳನ್ನು ಕಲಸಿ ದುಂಡಗೆ ಜೋಡಿಸುತ್ತೇನೆ. ಪ್ರತಿಯೊಬ್ಬರೂ ಬಲಪಕ್ಕದ ಚೀಟಿಯವರಿಗೆ ಕೊಡಬೇಕು. ತಮ್ಮ ಹೆಸರು ಬರುವ ಮಾತೇ ಇಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆ. ಎರಡು ವರ್ಷದ ಹಿಂದೆ ಉಡುಗೊರೆ ಕೊಡಬೇಕಿದ್ದ ಒಬ್ಬರು ಅವತ್ತು ರಜೆ ಹಾಕಿದರು. ಹೊಸದಾಗಿ ಸೇರಿದ್ದ ಹುಡುಗಿ ಎಲ್ಲರೂ ಪೊಟ್ಟಣ ಬಿಚ್ಚುವುದನ್ನು ನೋಡುತ್ತಾ ಕೂತಿದ್ದಳು. ‘ಪರವಾಗಿಲ್ಲ ಮೇಡಂ’ ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಪೊಟ್ಟಣಗಳು ಎರಡು ದಿನ ಮೊದಲೇ ನನ್ನ ಕಪಾಟಿಗೆ ಬರಬೇಕು. ಒಂದು ಹೆಚ್ಚುವರಿ ಉಡುಗೊರೆಯೂ ಅಲ್ಲೇ ಇರುತ್ತದೆ.

ಈ ಸಲ ಇಂಥ ಕೆಲಸ ವಹಿಸಿಕೊಂಡವರಲ್ಲಿ ಒಂದು ಕೋರಿಕೆ. ಖರ್ಚಿನ ಮಿತಿಯನ್ನು ದೊಡ್ಡ ಸಂಬಳದವರು ತೀರ್ಮಾನಿಸಬಾರದು, ಎಲ್ಲರಿಗಿಂತ ಕಡಿಮೆ ಸಂಬಳದವರಿಗೆ ಭಾರವಾಗದಂತಿರಬೇಕು, ಅಲ್ವಾ? ಸೇರಲ್ಲ ಅಂದವರನ್ನು ಎಲ್ಲರ ಮುಂದೆ ಕಾರಣ ಕೇಳಬೇಡಿ.

– ಲೆಕ್ಕಪತ್ರ ವಿಭಾಗದ ಒಬ್ಬ ಉದ್ಯೋಗಿ