ಪೈಸಾರಿಯ ಮೂರು ಸೆಂಟಿಗೂ ಹಕ್ಕುಪತ್ರ ಕೊಡಿ

ಮಾನ್ಯ ಶಾಸಕರೇ,

ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿಕೊಡುವ ಭೂ ಕಂದಾಯ ಕಾಯ್ದೆಯ 94ಸಿ ಕಲಮನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಅದರಡಿ ನಮ್ಮ ಅಮ್ಮ ಮನೆಯ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದು 2016ರಲ್ಲಿ. ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಾರೆ. ಇಷ್ಟು ಮಳೆಗಾಲಗಳ ತೇವಕ್ಕೆ ಶಾಯಿ ಹರಡಿ ಈಗ ಮೊಹರು ಮಾತ್ರ ಉಳಿದಿದೆ.

ಮೂವತ್ತೆರಡು ವರ್ಷ ಕಾಫಿ ತೋಟದ ಕೂಲಿಕಾರರ ಲೈನ್ ಮನೆಯಲ್ಲಿದ್ದವರು ಅಮ್ಮ. ದುಡಿಯಲು ಕೈಲಾಗದಾದಾಗ ಆ ಮನೆ ಬಿಡಬೇಕಾಯಿತು. ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಮೂರು ಸೆಂಟಿನಷ್ಟರಲ್ಲಿ ಗೋಡೆ ಎಬ್ಬಿಸಿ ಶೀಟು ಹೊದಿಸಿಕೊಂಡೆವು.

ಹೋದ ಮಾರ್ಚಿನಲ್ಲಿ ಸರ್ವೆಯವರು ಬಂದರು. ಅಮ್ಮ ಒಳಗೆ ಓಡಿ ಚೀಟಿ ತಂದರು. ಆದರೆ ಸರ್ವೆಯವರು ಬಂದದ್ದು ನಮ್ಮ ಬೇಲಿಯಾಚೆ, ಅದೇ ಪೈಸಾರಿಯಲ್ಲಿ ಸಾಹುಕಾರರು ಬೆಳೆಸಿರುವ ಕಾಫಿಯನ್ನು ಅಳೆಯಲು. ಅಳತೆಯ ಟೇಪು ನಮ್ಮ ಬೇಲಿಯ ಕಲ್ಲಿನ ತನಕ ಬಂದು ನಿಂತಿತು. "ಬಂದದ್ದು ಬಂದಿರಿ, ನಮ್ಮದನ್ನೂ ಅಳೆದುಬಿಡಿ" ಎಂದು ಅಮ್ಮ ಕೈಮುಗಿದರು. "ಇವತ್ತಿನ ಪಟ್ಟಿಯಲ್ಲಿ ನಿಮ್ಮ ಮನೆ ಇಲ್ಲ" ಎಂದವರು ಸಾಹುಕಾರರ ಜೀಪು ಹತ್ತಿ ಊಟಕ್ಕೆ ಹೋದರು. ಅಮ್ಮ ಕತ್ತಲಾಗುವವರೆಗೂ ಆ ಕಲ್ಲಿನ ಮೇಲೆಯೇ ಕುಳಿತಿದ್ದರು.

ಆ ಪಟ್ಟಿ ಮಾಡುವವರು ಯಾರು, ಶಾಸಕರೇ?

ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಭೂ ಕಂದಾಯ ಕಾಯ್ದೆಯನ್ನೇ ತಿದ್ದಲಾಯಿತು. ಬೆಳೆಗಾರರೆಲ್ಲ ಸಿರಿವಂತರಲ್ಲ, ಎರಡೆಕರೆಯವರ ಸಾಲದ ಕಷ್ಟ ನಾನೂ ಕಂಡಿದ್ದೇನೆ. ಆದರೆ ತೋಟವಿದ್ದವರ ಮಾತು ವಿಧಾನಸೌಧ ಮುಟ್ಟಿ ಕಾನೂನಾಯಿತು. ನಮಗಾಗಿ ಇರುವ ಕಾನೂನು ನಮ್ಮ ಬೇಲಿ ದಾಟಲಿಲ್ಲ. ಅಮ್ಮ ಅರ್ಜಿ ಹಾಕಿದ ವರ್ಷದ ಡಿಸೆಂಬರಿನಲ್ಲೇ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದರು. ಅದಕ್ಕೂ ಒತ್ತುವರಿ ಎಂದೇ ಹೆಸರು. ಎಕರೆಗಟ್ಟಲೆ ಹಿಡಿದವರಿಗೆ ಗುತ್ತಿಗೆ, ತಲೆಯ ಮೇಲೊಂದು ಸೂರು ಕಟ್ಟಿಕೊಂಡವರಿಗೆ ಜೆಸಿಬಿ. ಇದು ಯಾವ ನ್ಯಾಯ?

ವಿಧಾನಸಭಾ ಚುನಾವಣೆಗೆ ಅಭ್ಯರ್ಥಿಯೊಬ್ಬರು 40 ಲಕ್ಷ ರೂಪಾಯಿ ಖರ್ಚು ಮಾಡಬಹುದೆಂದು ನಿಯಮವೇ ಹೇಳುತ್ತದೆ. ಅದಕ್ಕೆ ನೆರವಾಗುವ ಶಕ್ತಿ ಲೈನ್ ಮನೆಯವರಿಗಿಲ್ಲ. ನಮ್ಮಲ್ಲಿರುವುದು ಓಟೊಂದೇ. ಓಟಿನ ದಿನ ನಮ್ಮನ್ನು ಮತಗಟ್ಟೆಗೆ ಕರೆದೊಯ್ಯುವುದೂ ಅದೇ ಸಾಹುಕಾರರ ಜೀಪು.

ಹಕ್ಕುಪತ್ರ ಕೊಡಿ. ಎಕರೆ ಕೇಳುತ್ತಿಲ್ಲ, ಹೊಸ ಕಾನೂನು ಕೇಳುತ್ತಿಲ್ಲ. ಅಮ್ಮನಿಗೆ ಎಪ್ಪತ್ತೊಂದು ವರ್ಷ. ಮುಂದಿನ ಮಳೆ ಹಿಡಿಯುವ ಮೊದಲು ಸರ್ವೆಯವರನ್ನು ಕಳುಹಿಸಿ, ಬೇಲಿಯ ಈಚೆಗೂ ಅಳತೆ ಮಾಡಿಸಿ, ಅಮ್ಮನ ಕೈಗೆ ಹಕ್ಕುಪತ್ರ ಕೊಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಕೊಡಗು